ಅಚ್ಚಿನ ತಲೆಗಳು

"ಮೇಡಂ, ಅಚ್ಚಿನ ತಲೆಯ ಮೇಲೆ ಒಂದೂ ತಪ್ಪಿಲ್ಲದೆ ನೂರು ಸಲ ಆಪರೇಷನ್ ಮಾಡಿದ್ದೇನೆ. ಸೋಮವಾರ ಜೀವಂತ ಮನುಷ್ಯರ ಮೇಲೆ ಕೈ ಇಡಬಹುದಲ್ಲ?" ಎಂದು ಶಿಷ್ಯ ನಿರಂಜನ ಕೇಳಿದ.

ಇಪ್ಪತ್ತೈದು ವರ್ಷ ಮೆದುಳಿನ ಶಸ್ತ್ರಚಿಕಿತ್ಸೆ ಕಲಿಸಿದ್ದ ಡಾ. ವಾರಿಜಾಕ್ಷಿ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಶಸ್ತ್ರವೈದ್ಯನಿದ್ದ. ಅವನ ಬಳಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಅವಳಿಗೆ ಸೂಜಿ ಕಾಣುತ್ತಿತ್ತು, ಸೂಜಿಯ ಅಕ್ಕಪಕ್ಕ ಕಾಣುತ್ತಿರಲಿಲ್ಲ. ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರುತ್ತದೆ; ಅದರಲ್ಲಿ ಗೆಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಮೂಗಿನೊಳಗಿಂದ ಹೋಗಿ, ಮೊಟ್ಟೆಯ ಚಿಪ್ಪಿನಂಥ ಮೂಳೆ ಕೊರೆದು, ಗೆಡ್ಡೆ ತೆಗೆಯಬೇಕು. ಎರಡು ಪಕ್ಕದಲ್ಲೂ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಕೂದಲೆಳೆಯಷ್ಟು ಸರಿದರೆ ಜೀವಕ್ಕೇ ಅಪಾಯ.

ವೈದ್ಯ ಅವಳ ಸ್ಕ್ಯಾನನ್ನು ಯಂತ್ರಕ್ಕೆ ಕೊಟ್ಟು ಅವಳದೇ ತಲೆಯ ಅರವತ್ತು ಅಚ್ಚು ತೆಗೆಸಿದ. ಬಿಳಿಯ ತಲೆಗಳು, ಹಣೆಯಿಂದ ಮೇಲ್ದುಟಿಯವರೆಗೆ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ನಾಳಗಳಲ್ಲಿ ಕೆಂಪು ನೀರು. ಬಲಗಡೆ ಸಾಲಾಗಿ ಇಟ್ಟುಕೊಂಡು ಒಂದೊಂದನ್ನೇ ಕೊರೆಯುತ್ತ ಹೋದ. ನೀರು ಚಿಮ್ಮಿದರೆ ಆ ತಲೆಯ ಕೆಲಸ ಮುಗಿಯಿತು. ಉಪಕರಣ ಕೆಳಗಿಟ್ಟು, ಅದನ್ನು ಬುಟ್ಟಿಗೆ ಹಾಕಿ, ಬಲಗಡೆಯಿಂದ ಮತ್ತೊಂದು.

ಮೊದಮೊದಲು ಬುಟ್ಟಿ ಬೇಗ ತುಂಬುತ್ತಿತ್ತು. ಆಮೇಲೆ ನಿಧಾನವಾಯಿತು.

ಆಪರೇಷನ್ನಿನ ಹಿಂದಿನ ದಿನ, ಧೈರ್ಯ ಬರಲೆಂದು ಅವಳನ್ನು ಆ ಕೋಣೆಗೆ ಕರೆದೊಯ್ದ. ಅವಳು ಒಂದು ಅಚ್ಚಿನ ಮೂಗು ಮುಟ್ಟಿದಳು. ಆಮೇಲೆ ತನ್ನ ಮೂಗು ಮುಟ್ಟಿಕೊಂಡಳು.

"ಇಷ್ಟೂ ನಾನೇನಾ, ಡಾಕ್ಟ್ರೇ? ಒಂದು ಕೆಟ್ಟೋದ್ರೆ?"

"ಏನಿಲ್ಲಮ್ಮ, ಪಕ್ಕಕ್ಕಿಟ್ಟು ಇನ್ನೊಂದು ತಗೋತೀನಿ."

ಪಕ್ಕಕ್ಕೆ ಕಾಣದ ಅವಳು ತಲೆಯನ್ನು ಪೂರ್ತಿ ತಿರುಗಿಸಿ ಬುಟ್ಟಿಯನ್ನು ನೋಡಿದಳು. "ಹಾಗಾದ್ರೆ ಇವರೆಲ್ಲ ಹೋದೋರು, ಪಾಪ" ಎಂದು ನಕ್ಕಳು. ವೈದ್ಯನೂ ನಕ್ಕ.

ಮರುದಿನ ಮೇಜಿನ ಮೇಲೆ, ಹಸಿರು ಬಟ್ಟೆಯ ನಡುವೆ, ಅವಳ ಮೂಗಷ್ಟೇ ಕಾಣುತ್ತಿತ್ತು. ವೈದ್ಯನ ಕೈಗೆ ದಾರಿ ಗೊತ್ತಿತ್ತು. ಮೂಳೆ ತೆರೆದುಕೊಂಡಿತು. ಗೆಡ್ಡೆ ಬಂತು. ಕೊನೆಯ ಚೂರಿಗೆ ಕೈ ಹಾಕಿದಾಗ, ಮೂಗಿನೊಳಗಿನ ಕ್ಯಾಮೆರಾ ಕಂಡದ್ದನ್ನು ತೋರಿಸುತ್ತಿದ್ದ ಪರದೆಯೆಲ್ಲ ಕೆಂಪಾಯಿತು.

ಅವನು ಗಾಬರಿಯಾಗಲಿಲ್ಲ. ಉಪಕರಣವನ್ನು ಹೊರಗೆಳೆದು ಮೆಲ್ಲಗೆ ಕೆಳಗಿಟ್ಟ. ಬಲಗೈ ಬಲಗಡೆಗೆ ಚಾಚಿತು. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಒಂದು ತಲೆಯ ಅಳತೆಗೆ ಅಗಲವಾಗಿ ಗಾಳಿಯಲ್ಲಿ ತಡಕಾಡಿದವು. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ಎಳ್ಳಷ್ಟೂ ಆತಂಕವಿರಲಿಲ್ಲ. ಅವನು ಏನು ಹುಡುಕುತ್ತಿದ್ದಾನೆಂದು ಸುತ್ತ ನಿಂತವರಿಗೆ ತಿಳಿಯಲಿಲ್ಲ.

ಉಪಕರಣ ಕೊಡುತ್ತಿದ್ದ ಹಿರಿಯ ಸಿಸ್ಟರ್‌ಗೆ ಮಾತ್ರ ತಿಳಿಯಿತು. ತಲೆಗಳ ಬುಟ್ಟಿಯನ್ನು ಅಷ್ಟು ದಿನ ಖಾಲಿ ಮಾಡಿದ್ದವರು ಅವರೇ. ಗಾಳಿಯಲ್ಲಿದ್ದ ಕೈಯನ್ನು ಹಿಡಿದು ರೋಗಿಯ ಕಡೆಗೆ ತಂದರು.

"ಡಾಕ್ಟ್ರೇ, ಇವರಿಗೆ ಇನ್ನೊಂದಿಲ್ಲ."

ವೈದ್ಯ ನಿದ್ದೆಯಿಂದ ಎದ್ದವನಂತೆ ಸಿಸ್ಟರ್ ಮುಖ ನೋಡಿದ. ಕೂಡಲೇ ಹತ್ತಿಯ ಪಟ್ಟಿ ತುರುಕಿ ಗಾಯವನ್ನು ಒತ್ತಿ ಹಿಡಿದ. ರಕ್ತ ನಿಲ್ಲಲು ನಲವತ್ತು ನಿಮಿಷ ಬೇಕಾಯಿತು.

ಡಾ. ವಾರಿಜಾಕ್ಷಿ ಕತೆಯನ್ನು ಅಲ್ಲಿಗೆ ಮುಗಿಸಿದರು.

ನಿರಂಜನ ಉಸಿರು ಬಿಟ್ಟ. "ಆಕೆ ಬದುಕಿದರು ತಾನೇ, ಮೇಡಂ? ಹಾಗಿದ್ದರೆ ಸೋಮವಾರ ನಾನೇ ಮಾಡಬಹುದು."

"ಬದುಕಿದಳು, ಆದರೆ ಆ ಸಿಸ್ಟರ್ ಹೋದ ತಿಂಗಳು ರಿಟೈರ್ ಆದರು."