ತೋಳದ ಚರ್ಮ

“ಗುರುಗಳೇ, ದಿನವೂ ನೀವೇ ಎದುರಾಳಿಯಾಗಿ ಕೂತು ವಾದದಲ್ಲಿ ನನ್ನನ್ನು ಸೋಲಿಸುತ್ತೀರಿ. ಸೋತ ದಿನ ನನಗೆ ಅನ್ನ ಸೇರುವುದಿಲ್ಲ. ನಾಳೆ ತುಂಬಿದ ಸಭೆಯ ವಾದದಲ್ಲಿ ಸೋತರೆ ಮಠಕ್ಕೇ ಅವಮಾನ. ಇವತ್ತಾದರೂ ನನ್ನನ್ನು ಬಿಡಬಾರದೆ?” ಎಂದು ಶಿಷ್ಯ ಕೇಳಿದ.

“ಅನ್ನ ಸೇರದಿದ್ದರೆ ಕತೆಯಾದರೂ ಸೇರೀತು, ಕೇಳು” ಎಂದು ಗುರುಗಳು ನಕ್ಕರು.

ಒಬ್ಬ ಕುರಿಗಾರನಿದ್ದ. ಹಟ್ಟಿಗೆ ಹೊಸ ನಾಯಿಮರಿ ಬಂದರೆ ಅದರ ಮುಂದೆ ಸತ್ತ ತೋಳದ ಚರ್ಮ ಹಾಸುವುದು ಅವನ ರೂಢಿ. ಮರಿ ಮೊದಲ ದಿನ ನಡುಗುತ್ತದೆ, ಹಾಲು ಮುಟ್ಟುವುದಿಲ್ಲ. ಅವನು ಮತ್ತೆ ಹಾಸುತ್ತಾನೆ. ಆಗ ಗುರುಗುಟ್ಟುತ್ತದೆ.

ಹಿಂದಿನ ವರ್ಷ ಜಾಡ್ಯ ಬಂದು ಅವನ ನಾಯಿಗಳೆಲ್ಲ ಸತ್ತಿದ್ದವು. ಕಾವಲಿಲ್ಲದ ಹಟ್ಟಿಗೆ ತೋಳ ನುಗ್ಗಿ ಅರ್ಧ ಹಿಂಡು ಹಾಳಾಗಿತ್ತು. ಈಗ ಅವನಿಗಿದ್ದದ್ದು ಕೆಂಚನೆಂಬ ಒಂದೇ ಮರಿ. ಅದನ್ನು ದನದ ಡಾಕ್ಟರ ಬಳಿ ಒಯ್ದು ಆ ಜಾಡ್ಯದ ಲಸಿಕೆ ಹಾಕಿಸಿದ. ಮರುದಿನ ಮರಿಗೆ ಜ್ವರ. ಕುರಿಗಾರ ಸಿಟ್ಟಾಗಿ ತಿರುಗಿ ಬಂದ.

“ಆಡೋ ಮರೀನ ಮಲಗಿಸಿಬಿಟ್ರಲ್ರೀ ಸಾಹೇಬ್ರ. ಮತ್ತೊಂದು ಸೂಜಿ ಅಂದ್ರ ನಾ ಒಲ್ಲೆ.”

“ತೋಳದ ಚರ್ಮ ಕಂಡ ದಿನಾನೂ ಹಾಲು ಬಿಟ್ಟಿತ್ತಲ್ಲ. ಮತ್ತ ಯಾಕ ಹಾಸಿದಿ?” ಎಂದು ಅವನ ರೂಢಿ ಬಲ್ಲ ಡಾಕ್ಟರು ಕೇಳಿದರು.

“ಒಮ್ಮೆ ತೋರಿಸಿದ್ರ ಬರೇ ಅಂಜತೈತಿ. ಮತ್ತ ತೋರಿಸಿದ್ರ ಗುರುತು ಹಿಡೀತೈತ್ರೀ.”

“ನಾ ಚುಚ್ಚಿದ್ದೂ ಚರ್ಮಾನ. ಹಲ್ಲು ಕಿತ್ತ ರೋಗ ಅದು. ಮೈ ಅದರ ಗುರುತು ಹಿಡಿಯೋ ಗದ್ದಲದಾಗ ಜ್ವರ ಬಂದೈತಿ. ತಾಯಿಹಾಲಿನ ಬಲ ಇನ್ನೂ ಉಳಿದಿದ್ರ, ಆ ಬಲಾನ ಮೊದಲ ಈ ಚರ್ಮ ಹರಿದು ಒಗೀತೈತಿ. ಮರಿ ಮೈ ಏನೂ ಕಲಿಯೂದಿಲ್ಲ. ಅದಕ್ಕ ಮತ್ತ ಮತ್ತ ತೋರಸೂದು.”

ಆಮೇಲೆ ಕುರಿಗಾರ ಡಾಕ್ಟರು ಹೇಳಿದಾಗಲೆಲ್ಲ ಮರಿಯನ್ನು ಹೆಗಲ ಮೇಲೆ ಹೊತ್ತು ತಂದ.

ಕೆಂಚ ಬೆಳೆದ. ಜಾಡ್ಯ ಮತ್ತೆ ಬಂತು. ಪಕ್ಕದ ಹಟ್ಟಿಯ ನಾಯಿಗಳು ಒಂದೊಂದಾಗಿ ಬಿದ್ದವು. ಕೆಂಚ ಅವುಗಳ ಜೊತೆಗೇ ಉಂಡಿದ್ದ, ಅವುಗಳ ಮೂತಿ ನೆಕ್ಕಿದ್ದ. ಕುರಿಗಾರ ಜೀವ ಕೈಯಲ್ಲಿ ಹಿಡಿದು ಕಾದ. ಆದರೆ ಕೆಂಚನ ಮೈಗೆ ಆ ಶತ್ರು ಹಳೆಯ ಪರಿಚಯ. ಅವನಿಗೆ ಒಂದು ಸೀನೂ ಬರಲಿಲ್ಲ.

ಕಾವಲು ಸತ್ತಿತೆಂದು ತಿಳಿದು ಒಂದು ಬೆಳಗ್ಗೆ ತೋಳ ಬಂತು. ಕೆಂಚ ಎದುರು ನಿಂತು ಮೇಲೆ ಬಿದ್ದ. ತೋಳ ಬಾಲ ಮುದುರಿ ಗುಡ್ಡ ಹತ್ತಿತು. ಎರಡು ಹಟ್ಟಿಗಳಲ್ಲೂ ಒಂದೇ ಒಂದು ಕುರಿಮರಿ ಕಡಿಮೆಯಾಗಲಿಲ್ಲ. ಕುರಿಗಾರ ಕಂಬಳಿ ಬೀಸಿ ಕುಣಿದ, ಕೆಂಚನನ್ನು ಎತ್ತಿಕೊಂಡು ಅತ್ತ.

ಕತೆ ಮುಗಿಸಿ ಗುರುಗಳು ಎದ್ದರು.

“ಹೋಗಿ ಉಂಡು ಮಲಗು; ಇಷ್ಟು ದಿನ ನಿನ್ನೆದುರು ಕೂತಿದ್ದದ್ದು ಚರ್ಮ, ತೋಳ ಬರುವುದು ನಾಳೆ.”