ಜಂಬೆಯ ಅಡ್ಡಪಟ್ಟಿ

ಮಠದ ಬಾಗಿಲಿಗೆ ಮರ ಎಳೆದು ತಂದವನ ಹೆಂಡತಿಯನ್ನು ಅದೇ ಬಾಗಿಲಲ್ಲಿ ತಡೆದರು. ಇದು ಅನ್ಯಾಯ. ಸಂಪ್ರದಾಯವೆಂದು ಕರೆದರೂ ಅನ್ಯಾಯವೇ.

ಪೂಜ್ಯ ನಿರ್ಮಲಾವಧೂತರು ಆಗ ಹೊಳೆದಂಡೆಯ ಆ ಮಠದಲ್ಲಿ ತಂಗಿದ್ದರು. ಒಳಗಿನ ಪೀಠ ಬೇಡವೆಂದು ಹೊರಜಗುಲಿಯಲ್ಲಿ, ಬಡಗಿ ವಾಮನಾಚಾರಿಯ ಕೆತ್ತೆಚಕ್ಕೆಗಳ ನಡುವೆ ಆಸೀನರಾಗಿದ್ದರು. ದುಡಿಯದೆ ಉಣ್ಣುವವರಲ್ಲಿ ಇವರೂ ಒಬ್ಬರು ಎಂಬುದು ಆಚಾರಿಯ ಎಣಿಕೆ. ಅವನು ಮುಂಬಾಗಿಲಿಗೆ ಅಡ್ಡಪಟ್ಟಿ ಜಡಿಯುತ್ತಿದ್ದ. ಕಾಡಿನ ಹಾಡಿಯವರು ಅದರಾಚೆಯೇ ನಿಲ್ಲಬೇಕು, ಉಳಿದವರಿಗೆ ಪಕ್ಕದ ಬಾಗಿಲು. ಮೊಕ್ತೇಸರರ ಅಪ್ಪಣೆ.

"ಮೊಳೆ ನೇರ ಹೊಡೆಯಬಾರದೇ, ಆಚಾರ್ಯರೆ?" ಎಂದು ಪೂಜ್ಯರು ಕೇಳಿದರು.

"ಸ್ವಾಮೇರೆ, ಇದು ಜಂಬೆ ಮರ! ನೀರಿಗೆ ಹಾಕಿದ್ರೆ ಕಲ್ಲಿನ ಹಾಗೆ ಮುಳುಗ್ತದೆ. ಗೆದ್ದಲಿಗೂ ಹಲ್ಲು ನಾಟೂದಿಲ್ಲ. ನೇರ ಹೊಡೆದ್ರೆ ಮೊಳೆ ನಿಮ್ಮ ಬೆನ್ನಿನ ಹಾಗೆ ಬಾಗ್ತದೆ. ಮೊದಲು ಬೈರಿಗೆಯಲ್ಲಿ ಕೊರೆದು ದಾರಿ ಮಾಡಿಕೊಡಬೇಕು. ಒಮ್ಮೆ ಕೂತಿತೋ, ಕಿತ್ತರೂ ಬರೂದಿಲ್ಲ."

ಪೂಜ್ಯರು ನಕ್ಕರು.

ಅಷ್ಟರಲ್ಲಿ ಸೋಮಿ ದೀಪ ಹಿಡಿದು ಬಂದಳು. ಹೊಳೆಯಲ್ಲಿ ತೇಲದ ಆ ಜಂಬೆಯ ದಿಮ್ಮಿಯನ್ನು ಹಾಡಿಯ ಗಂಡಸರು ಹಗ್ಗ ಕಟ್ಟಿ ಮಠಕ್ಕೆ ಎಳೆದಿದ್ದರು. ಇಳಿಜಾರಿನಲ್ಲಿ ಹಗ್ಗ ಹರಿದು, ಅವಳ ಗಂಡ ದೇಮು ಅದರಡಿ ಸಿಕ್ಕಿ ಸತ್ತಿದ್ದ.

"ಅವರ ಹೆಸರಲ್ಲಿ ಒಳಗೊಂದು ದೀಪ ಇಡ್ತೆ, ಆಚಾರ್ರೆ."

"ಹೊರಗೇ ಇಡೇ ಸೋಮಿ. ದೇವರಿಗೇನು ಕಣ್ಣು ಕಾಣೂದಿಲ್ವಾ?"

"ಮರ ಒಳಗೆ ಹೋಯ್ತಲ್ಲ. ಅದನ್ನೂ ನಾವೇ ಮುಟ್ಟಿದ್ದು."

ಆಚಾರಿ ಮತ್ತೆ ಕೆಲಸಕ್ಕೆ ಬಾಗಿದ. ಪೂಜ್ಯರು ಎದ್ದು ಬಂದು ಅವನ ಬೈರಿಗೆಯನ್ನು ಮುಟ್ಟಿದರು.

"ಮೊಳೆಗೆ ದಾರಿ ಮಾಡಿಕೊಟ್ಟಿರಿ. ಇವಳಿಗೆ?"

ಅಷ್ಟೇ ಅಂದರು.

ದಿಮ್ಮಿ ಬಂದ ದಿನ ಆಚಾರಿ ಅದರ ಮೈ ಸವರಿ, ಎಂಥಾ ತಿರುಳು ಎಂದು ಹೊಗಳಿದ್ದ. ಎಳೆದವರು ಯಾರೆಂದು ಕೇಳಿರಲಿಲ್ಲ. ಈಗ ಮೊಳೆ ಕೀಳಲು ಹೋದ. ಜಂಬೆ ಬಿಡಲಿಲ್ಲ. ಗರಗಸ ಎತ್ತಿಕೊಂಡ.

"ಇನ್ನು ಈ ಮಠದ ಕೆಲಸ ನಿನಗಿಲ್ಲ!" ಎಂದು ಸದ್ದು ಕೇಳಿ ಹೊರಬಂದ ಮೊಕ್ತೇಸರರು ಅಬ್ಬರಿಸಿದರು.

"ಬೇಡ ಬಿಡಿ."

ಗರಗಸದ ಹಲ್ಲು ಮೊಂಡಾಯಿತು. ಅರದಲ್ಲಿ ಉಜ್ಜಿ ಹರಿತ ಮಾಡಿ ಮತ್ತೆ ಕೊಯ್ದ. ಸೋಮಿ ಅಂಗೈ ಮರೆಮಾಡಿ ದೀಪ ಕಾದಳು. ಪಟ್ಟಿ ತುಂಡಾಗಿ ಬಿದ್ದಾಗ ಅವಳು ಹೊಸ್ತಿಲು ದಾಟಿದಳು. ಆಚಾರಿ ಆ ತುಂಡನ್ನೇ ಒಯ್ದು ಅವಳ ದೀಪಕ್ಕೆ ಮಣೆಯಾಗಿ ಇಟ್ಟ. ಮುಂದೆ ಯಾವ ಗುಡಿಗೂ ಅವನು ಅಡ್ಡಪಟ್ಟಿ ಜಡಿಯಲಿಲ್ಲ.

ನಿಮ್ಮೂರ ಗುಡಿಯಲ್ಲೂ ಇಂಥದೊಂದು ಪಟ್ಟಿಯಿದೆ. ಪೂಜ್ಯರ ಕಥೆ ಓದಿ ಕಣ್ಣೊರೆಸಿಕೊಂಡು ಕೂರಬೇಡಿ. ಏಳಿ, ಗರಗಸ ತನ್ನಿ.