ಸೈಡ್‌ವಿಂಗಿನ ಡಬ್ಬಿ

ನಾಟಕ ಕಂಪನಿಯ ಮಾಲೀಕ ಚನ್ನವೀರಪ್ಪನಿಗೆ ರಾಜನ ಪಾತ್ರವೇ ಆಗಬೇಕು. ಮಾತು ಮಾತ್ರ ಒಂದೂ ನೆನಪಿರದು. ಸೈಡ್‌ವಿಂಗಿನಲ್ಲಿ ನಿಂತ ಕಸ್ತೂರೆವ್ವ ಪಿಸುಗುಟ್ಟಿದ್ದನ್ನು ಗುಡುಗುವುದೇ ಅವನ ಅಭಿನಯ. ಅವಳ ಕೈಯಲ್ಲೊಂದು ಕಿಸೆಗಾತ್ರದ ಕಂಪ್ಯೂಟರ್. ಕಂಪನಿಯ ನಾಟಕಗಳನ್ನೆಲ್ಲ ತಾನೇ ಕೂತು ಅದರೊಳಗೆ ತುಂಬಿದ್ದಳು. ಅದಕ್ಕೆ ನೆಟ್ಟಿನ ಹಂಗಿರಲಿಲ್ಲ.

"ಆ ಡಬ್ಬಿ ಒಗಿ. ಎಲ್ಲಾ ಕ್ಲೌಡಿನ್ಯಾಗ ಹಾಕ್ಸೇನಿ. ಮೊಬೈಲ್ ನೋಡಿ ಹೇಳು," ಎಂದ ಮಾಲೀಕ.

"ಆಗಲಿ ಮಾಲಕರ," ಎಂದವಳು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂದಿನ ಆಟದ ಎರಡನೇ ಅಂಕದಲ್ಲಿ ನೆಟ್ ಕೈಕೊಟ್ಟಿತು, ಮೊಬೈಲಿನಲ್ಲಿ ಮಾತು ಮೂಡಲಿಲ್ಲ. ರಾಜ ಕತ್ತಿ ಎತ್ತಿದ, ಬಾಯಿ ತೆರೆದ, ಮಾತಿಲ್ಲ. ಜನ ಸಿಳ್ಳೆ ಹೊಡೆದರು. ರಾಜ ಸೈಡ್‌ವಿಂಗಿನತ್ತ ದೀನವಾಗಿ ನೋಡಿದ.

ಕಸ್ತೂರೆವ್ವ ಡಬ್ಬಿ ತೆಗೆದಳು. ಆದರೆ ಮೊದಲ ಮಾತು ಮಾತ್ರ ನಾಟಕದ್ದಲ್ಲ, ತನ್ನದೇ ಹೇಳಿಕೊಟ್ಟಳು. ರಾಜ ರೂಢಿಯಂತೆ ಗುಡುಗಿದ: "ಎಲೈ ಮಂತ್ರಿ! ಕಸ್ತೂರೆವ್ವನ ಡಬ್ಬಿ ಮುಟ್ಟಿದವರ ಕೈ ಕತ್ತರಿಸತಕ್ಕದ್ದು!"

"ಅಪ್ಪಣೆ, ಪ್ರಭು!" ಎಂದು ಮಂತ್ರಿ ಬಗ್ಗಿದ. ಚಪ್ಪಾಳೆಗೆ ಚಾವಣಿಯ ತಗಡು ಅದುರಿತು. ಮುಂದಿನ ಮಾತುಗಳೆಲ್ಲ ಡಬ್ಬಿಯಿಂದ ತಪ್ಪಿಲ್ಲದೆ ಬಂದವು.

ಪರದೆ ಬಿದ್ದದ್ದೇ ಮಾಲೀಕ ಓಡಿ ಬಂದು ಡಬ್ಬಿಗೆ ಕೈ ಚಾಚಿದ. "ನನ್ನ ಬಾಯಿಂದ ಏನ ಹೇಳಿಸಿದಿ?"

ಕಸ್ತೂರೆವ್ವ ತಲೆಯೆತ್ತಿ ನಿಂತಳು. "ಮಹಾರಾಜರ ಅಪ್ಪಣೆ, ಮಾಲಕರ. ಇಡೀ ಊರು ಕೇಳೇತಿ. ಕೈ ಜೋಪಾನರೀ."